ಬಾಂಬ್ ಬೆದರಿಕೆ: ಜವಾನನನ್ನೂ ಕೇಳಿ

2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂದಿತು. ಪೊಲೀಸರು ಶೋಧಿಸಿದರು; ಎಲ್ಲಿಯೂ ಏನೂ ಸಿಗಲಿಲ್ಲ. ಸರಿಯಾಗಿ ಮೂರು ತಿಂಗಳ ಬಳಿಕ, 2024ರ ಮಾರ್ಚ್ 1ರಂದು, ಇದೇ ನಗರದ ರಾಮೇಶ್ವರಂ ಕೆಫೆಯಲ್ಲಿ ಯಾರೋ ಬಿಟ್ಟುಹೋದ ಚೀಲದಲ್ಲಿದ್ದ ಬಾಂಬ್ ಸಿಡಿದು ಹಲವರು ಗಾಯಗೊಂಡರು. ಬೆದರಿಕೆ ಬಂದಲ್ಲಿ ಬಾಂಬ್ ಇರಲಿಲ್ಲ. ಬಾಂಬ್ ಇದ್ದಲ್ಲಿಗೆ ಬೆದರಿಕೆ ಬಂದಿರಲಿಲ್ಲ.

ಈ ಎರಡನ್ನೂ ಜೊತೆಗಿಟ್ಟು ನಮ್ಮ ವಿಶ್ವವಿದ್ಯಾಲಯಗಳು ಯೋಚಿಸಬೇಕಾಗಿದೆ. 2005ರ ಡಿಸೆಂಬರ್ 28ರಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ನಡೆದ ಗುಂಡಿನ ದಾಳಿಗೆ, ಸಮ್ಮೇಳನಕ್ಕೆ ಬಂದಿದ್ದ ದೆಹಲಿ ಐಐಟಿಯ ಪ್ರಾಧ್ಯಾಪಕ ಎಂ.ಸಿ. ಪುರಿ ಬಲಿಯಾದರು. ವಿದ್ಯಾಕೇಂದ್ರಗಳಿಗೆ ಅಪಾಯವಿಲ್ಲವೆಂಬ ನಂಬಿಕೆಗೆ ಅಂದಿನಿಂದ ಆಧಾರವಿಲ್ಲ.

ಬೆದರಿಕೆ ಬಂದಾಗ ನಮ್ಮಲ್ಲಿ ಕಾಣುವುದು ಎರಡೇ ಬಗೆಯ ಪ್ರತಿಕ್ರಿಯೆ. ಒಂದು, ಪರೀಕ್ಷೆ ಮುಂದೂಡಲು ಯಾರೋ ಕಿಡಿಗೇಡಿ ಮಾಡಿದ ಕೆಲಸವೆಂಬ ಉದಾಸೀನ. ಇನ್ನೊಂದು, ಎಲ್ಲರನ್ನೂ ಒಮ್ಮೆಲೇ ಹೊರಗೋಡಿಸುವ ಗಾಬರಿ. ಉದಾಸೀನ ಅಕ್ಷಮ್ಯ. ಗಾಬರಿಯೂ ಅಪಾಯಕಾರಿಯೇ; ಮೆಟ್ಟಿಲಲ್ಲಿ ನೂಕುನುಗ್ಗಲಾದರೆ ಸಾವಿಗೆ ಬಾಂಬೇ ಬೇಕಿಲ್ಲ.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ 2012ರ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನೂರಕ್ಕೂ ಹೆಚ್ಚು ಬೆದರಿಕೆಗಳು ಬಂದವು. ಶೌಚಾಲಯದ ಗೋಡೆಬರಹದಿಂದ ಆರಂಭವಾದದ್ದು ಇ-ಮೇಲ್‌ಗೆ ತಿರುಗಿತು. ವಿದ್ಯಾರ್ಥಿಗಳು ನಡುರಾತ್ರಿ ವಸತಿನಿಲಯಗಳಿಂದ ಹೊರಬರಬೇಕಾಯಿತು. ಬಾಂಬ್ ಒಂದೂ ಸಿಗಲಿಲ್ಲ. ಆದರೂ ವಿಶ್ವವಿದ್ಯಾಲಯ ಯಾವ ಬೆದರಿಕೆಯನ್ನೂ ಕಡೆಗಣಿಸದೆ ಕಟ್ಟಡಗಳನ್ನು ತೆರವುಗೊಳಿಸಿ ಶೋಧಿಸಿತು. ಗುರುತಿನ ಚೀಟಿ ನೋಡಿಯೇ ಒಳಬಿಡತೊಡಗಿತು. ಇಂಥ ತಾಳ್ಮೆ ಒಂದು ದಿನದಲ್ಲಿ ಬರುವುದಲ್ಲ. ಅದಕ್ಕೆ ಸಿದ್ಧತೆ ಬೇಕು.

ಸಿದ್ಧತೆಯೆಂದರೆ ಬರೀ ಲೋಹಶೋಧಕ, ಕ್ಯಾಮೆರಾಗಳ ಖರೀದಿಯಲ್ಲ. ಕರೆ ಸ್ವೀಕರಿಸಿದವರು ಫೋನ್ ಇಡದೆ, ಬಾಂಬ್ ಎಲ್ಲಿದೆ, ಯಾವಾಗ ಸಿಡಿಯುತ್ತದೆ, ನೋಡಲು ಹೇಗಿದೆ ಎಂದು ಕೇಳಿ, ಆಡಿದ ಮಾತನ್ನೇ ಬರೆದುಕೊಳ್ಳಬೇಕು. ಇ-ಮೇಲ್ ಅಳಿಸಬಾರದು. ಕೂಡಲೇ 112ಕ್ಕೆ ತಿಳಿಸಬೇಕು. ಅನುಮಾನದ ವಸ್ತುವನ್ನು ಮುಟ್ಟಬಾರದು. ಅದರ ಬಳಿ ಮೊಬೈಲ್ ಬಳಸಬಾರದು. ತೆರವು ಮಾಡುವಾಗ ಲಿಫ್ಟ್ ಬೇಡ. ಜನ ಸೇರುವ ಬಯಲನ್ನು ಮೊದಲೇ ಪರೀಕ್ಷಿಸಿರಬೇಕು. ವಾಹನ ನಿಲುಗಡೆಯ ಜಾಗವಂತೂ ಕೂಡದು. ಗಾಲಿಕುರ್ಚಿಯ ವಿದ್ಯಾರ್ಥಿಯನ್ನು ಮೂರನೆಯ ಮಹಡಿಯಿಂದ ಇಳಿಸುವವರು ಯಾರೆಂದು ಹೆಸರು ಸಹಿತ ನಿಗದಿಯಾಗಿರಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಶ್ವಾನದಳಕ್ಕೆ ಸ್ಫೋಟಕದ ವಾಸನೆ ತಿಳಿಯುತ್ತದೆ. ಆದರೆ ಗ್ರಂಥಾಲಯದ ಕಪಾಟಿನ ಹಿಂದಿರುವ ರಟ್ಟಿನ ಪೆಟ್ಟಿಗೆ ನಿನ್ನೆಯೂ ಅಲ್ಲಿತ್ತೇ ಎಂಬುದು ತಿಳಿಯದು. ಅದನ್ನು ಹೇಳಬಲ್ಲವರು ದಿನವೂ ಅಲ್ಲಿ ಕಸ ಗುಡಿಸುವವರು, ಬೀಗ ತೆಗೆಯುವ ಜವಾನ, ಪ್ರಯೋಗಾಲಯದ ಸಹಾಯಕ. ಬೆದರಿಕೆಯೇ ಬಾರದ ದಿನ ಅಪರಿಚಿತ ಚೀಲವನ್ನು ಗುರುತಿಸಬಲ್ಲವರೂ ಇವರೇ. ಆದರೆ ಸುರಕ್ಷತೆಯ ಸಭೆಗಳಿಗೆ ಇವರಿಗೆ ಆಹ್ವಾನವಿರುವುದಿಲ್ಲ. ಕಾವಲುಗಾರರು ಹೊರಗುತ್ತಿಗೆಯವರು, ಕಟ್ಟಡದ ಪರಿಚಯವಾಗುವಷ್ಟರಲ್ಲಿ ಗುತ್ತಿಗೆಯೇ ಬದಲಾಗಿರುತ್ತದೆ. ನನ್ನ ಅಧ್ಯಾಪನದ ಇಷ್ಟು ವರ್ಷಗಳಲ್ಲಿ ಒಂದು ಅಣಕು ತೆರವು ಕಾರ್ಯಾಚರಣೆಯನ್ನೂ ನಾನು ಕಂಡಿಲ್ಲ. ಯೋಜನೆ ಇದ್ದರೂ ಅದು ಕುಲಸಚಿವರ ಕಚೇರಿಯ ಕಡತದಲ್ಲಿರುತ್ತದೆ.

ಪ್ರತಿ ಸೆಮಿಸ್ಟರ್‌ಗೊಮ್ಮೆ ಪೊಲೀಸರ ಮಾರ್ಗದರ್ಶನದಲ್ಲಿ ತಾಲೀಮು ನಡೆಯಲಿ. ಬೋಧಕೇತರ ಸಿಬ್ಬಂದಿಗೆ ಅದರಲ್ಲಿ ಮೊದಲ ಸ್ಥಾನವಿರಲಿ. ತೆರವಿಗೆ ಆದೇಶಿಸುವವರು ಯಾರು, ಅವರಿಲ್ಲದಾಗ ಯಾರು ಎಂಬುದು ಎಲ್ಲರಿಗೂ ತಿಳಿದಿರಲಿ. ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ, ಅರ್ಧ ದಿನದ ಪಾಠ ಬಿಟ್ಟರೆ ಸಾಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಅಭ್ಯಾಸವನ್ನು ವಿದ್ಯೆ ಕಲಿಸುವ ಸಂಸ್ಥೆಗಳಾದರೂ ಬಿಡಬೇಕು.