ಜರಿ ಕಲಿಸುವ ಪಾಠ

ಪಿಎಂ ಮಿತ್ರ ಯೋಜನೆಯಡಿ ದೇಶದ ಏಳು ಕಡೆ ಬೃಹತ್ ಜವಳಿ ಪಾರ್ಕುಗಳನ್ನು ಸ್ಥಾಪಿಸುವುದಾಗಿ ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ಪ್ರಕಟಿಸಿತು. ಅವುಗಳಲ್ಲಿ ಕಲಬುರಗಿಯೂ ಒಂದು. ಆಳಂದ ತಾಲೂಕಿನ ಜಿಡಗಾದಿಂದ ಅಫಜಲಪುರ, ಜೇವರ್ಗಿಯವರೆಗಿನ ಜನಕ್ಕೆ ಜವಳಿಯೆಂದರೆ ಕರಿಮಣ್ಣಿನ ಹತ್ತಿ ಮತ್ತು ಎಂದೋ ಮುಚ್ಚಿದ ಎಂ.ಎಸ್.ಕೆ. ಮಿಲ್ಲಿನ ನೆನಪು. ಆದರೆ ಇಂದು ಜವಳಿಯ ಅರ್ಥವೇ ಹಿಗ್ಗುತ್ತಿದೆ. ಎದೆಬಡಿತ ಎಣಿಸುವ ಬನಿಯನ್, ಮೊಣಕಾಲಿನ ಚಲನೆ ಅಳೆಯುವ ಪಟ್ಟಿ ಮುಂತಾದ ವಿದ್ಯುತ್ ಹರಿಸುವ ಉಡುಪುಗಳು ಮಾರುಕಟ್ಟೆಗೆ ಬಂದಿವೆ.

ಇದರ ಮೂಲತತ್ತ್ವ ಕನ್ನಡಿಗರಿಗೆ ಅಪರಿಚಿತವಲ್ಲ. ರೇಷ್ಮೆ ಎಳೆಗೆ ಚಪ್ಪಟೆ ಬೆಳ್ಳಿತಂತಿ ಸುತ್ತಿ ಚಿನ್ನದ ಲೇಪ ಕೊಟ್ಟರೆ ಅದೇ ಅಸಲಿ ಜರಿ. ಅದೊಂದು ವಿದ್ಯುದ್ವಾಹಕ ನೂಲು. ಅಮೆರಿಕದ ಎಂಐಟಿ ಸಂಶೋಧಕರು 1990ರ ದಶಕದಲ್ಲಿ ಬಟ್ಟೆಯ ಮೇಲೆ ವಿದ್ಯುನ್ಮಂಡಲ ರಚಿಸಲು ಬಳಸಿದ್ದೂ ತಾಮ್ರ ಸುತ್ತಿದ ರೇಷ್ಮೆ ಎಳೆಯನ್ನೇ. ತೊಡಕು ಒಂದೇ: ಮೈ ಬಾಗುತ್ತದೆ, ಬಟ್ಟೆ ಹಿಗ್ಗುತ್ತದೆ, ಲೋಹ ಹಿಗ್ಗದೆ ತುಂಡಾಗುತ್ತದೆ. ಆದ್ದರಿಂದ ವಿಜ್ಞಾನಿಗಳು ತಂತಿಯನ್ನು ಸುರುಳಿಯಾಗಿಸಿದರು. ಕೂದಲಿಗಿಂತ ಬಹಳ ತೆಳುವಾದ ಬೆಳ್ಳಿಯ ಎಳೆಗಳನ್ನು ರಬ್ಬರಿನಂಥ ಪಾಲಿಮರಿನಲ್ಲಿ ಬೆರೆಸಿದರು. ಗ್ಯಾಲಿಯಂ-ಇಂಡಿಯಂ ಎಂಬ ದ್ರವಲೋಹವನ್ನು ಮೆತುನಳಿಕೆಯಲ್ಲಿ ತುಂಬಿದರು. ಎಳೆದರೂ ಇವುಗಳಲ್ಲಿ ವಿದ್ಯುತ್ತಿನ ದಾರಿ ಕಡಿಯುವುದಿಲ್ಲ.

ಆದರೆ ಜರಿಯಲ್ಲಿದ್ದ ಒಂದು ಗುಣ ಈ ಹೊಸ ನೂಲಿನಲ್ಲಿ ಉಳಿದಿಲ್ಲ. ಹಳೆಯ ಜರಿಸೀರೆ ಕೊಳ್ಳುವವರು ಇಂದಿಗೂ ಮನೆಬಾಗಿಲಿಗೆ ಬರುತ್ತಾರೆ. ಸೀರೆ ಸುಟ್ಟು ಬೆಳ್ಳಿ ತೆಗೆಯುವ ಆ ಕಸುಬಿನ ಹೊಗೆ ಒಳ್ಳೆಯದಲ್ಲ, ನಿಜ. ಆದರೂ ಲೋಹ ಮರಳಿ ಕೈಸೇರುತ್ತದೆ. ಪಾಲಿಮರಿನಲ್ಲಿ ಕಲಸಿಹೋದ ಬೆಳ್ಳಿಯನ್ನಾದರೋ ಹಾಗೆ ಬಿಡಿಸಿ ತೆಗೆಯುವುದು ಸುಲಭವಲ್ಲ. ಹರಿದ ಮೇಲೆ ಅದು ಚಿಂದಿಯೂ ಅಲ್ಲ, ಯಂತ್ರವೂ ಅಲ್ಲ. ಚಿಂದಿ ಆಯುವವರಿಗೂ ಬೇಡವಾದ ಕಸ.

ಲೋಹ ಕಸಕ್ಕೆ ಹೋದಷ್ಟೂ ಬೆಟ್ಟ ಅಗೆಯಬೇಕಾಗುತ್ತದೆ. ಭಾರತದಲ್ಲಿ ಅಗೆದು ತೆಗೆಯುವ ಬೆಳ್ಳಿಯ ಬಹುಪಾಲು ರಾಜಸ್ಥಾನದ ಅರಾವಳಿ ಸೀಮೆಯ ಸೀಸ-ಸತುವಿನ ಗಣಿಗಳಿಂದ ಬರುತ್ತದೆ. 2005ರ ಕೊನೆಗೆ ಗಣಿ ನಿಲ್ಲುವವರೆಗೆ ಕುದುರೆಮುಖ ತೆತ್ತ ಬೆಲೆಯನ್ನು ಕಂಡ ಮಲೆನಾಡಿಗೆ ಇದರ ಅರ್ಥ ವಿವರಿಸಬೇಕಿಲ್ಲ. ನೀರಿನ ಪ್ರಶ್ನೆಯೂ ಇದೆ. ದುರ್ಗಂಧ ತಡೆಯಲೆಂದು ಬೆಳ್ಳಿಯ ಸೂಕ್ಷ್ಮಕಣ ಸೇರಿಸಿದ ಕಾಲುಚೀಲಗಳನ್ನು 2008ರಲ್ಲಿ ಅರಿಜೋನಾದ ಸಂಶೋಧಕರು ತೊಳೆದು ನೋಡಿದಾಗ, ಕೆಲವು ನಾಲ್ಕೇ ತೊಳೆತಕ್ಕೆ ಬಹುತೇಕ ಎಲ್ಲ ಬೆಳ್ಳಿಯನ್ನೂ ನೀರಿಗೆ ಬಿಟ್ಟಿದ್ದವು. ಬೆಳ್ಳಿಯ ಅಯಾನು ಜಲಚರಗಳಿಗೆ ವಿಷ. ಆಳಂದದ ಅಮರ್ಜಾ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಮೇಲಿನೂರಿನ ತೊಳೆತ ಕೆಳಗಿನೂರಿನ ಪಾಲಾಗುತ್ತದೆ.

ಹಾಗೆಂದು ಈ ವಿಜ್ಞಾನವನ್ನು ದೂರವಿಡಬೇಕಾಗಿಲ್ಲ. ಆಸ್ಪತ್ರೆ ದೂರವಿರುವ ಊರಿನ ಹೃದ್ರೋಗಿಗೆ ಇಂಥ ಬನಿಯನ್ ಜೀವ ಉಳಿಸೀತು. ಕೇಳಬೇಕಾದುದು ಇಷ್ಟೆ: ನೇಯುವ ಮೊದಲೇ ಬಿಚ್ಚುವ ಬಗೆಯನ್ನು ಯೋಚಿಸಿದ್ದೀರಾ? ವಾಹಕ ಎಳೆಯನ್ನು ಜರಿಯಂತೆ ಬೇರ್ಪಡಿಸಬಲ್ಲ ವಿನ್ಯಾಸ ಬರಲಿ. ತೊಳೆತದಲ್ಲಿ ಎಷ್ಟು ಲೋಹ ಹೋಗುತ್ತದೆಂಬುದು ಚೀಟಿಯ ಮೇಲೆ ಅಚ್ಚಾಗಲಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿದ ಮರುಬಳಕೆಯ ಹೊಣೆ ಇಂಥ ಉಡುಪಿಗೂ ಸ್ಪಷ್ಟವಾಗಿ ಅನ್ವಯವಾಗಲಿ. ಈ ಷರತ್ತುಗಳನ್ನು ಜವಳಿ ಪಾರ್ಕಿಗೆ ಬರುವ ಉದ್ಯಮಗಳ ಮುಂದಿಡಲು ತಕ್ಕ ಕಾಲ ಇದೇ. ಮಗ್ಗ ಓಡತೊಡಗಿದ ಮೇಲೆ ಹಾಸು ಬದಲಿಸಲಾಗದೆಂಬುದು ನೇಕಾರರು ಬಲ್ಲ ಮಾತು.