ತೋಳದ ಮೇಲಿನ ದಯೆಗೆ ಬೆಲೆ ತೆರುವವರಾರು?

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರ ತೋಳಧಾಮದಲ್ಲಿ ಎಂಟು ಮರಿಗಳು ಹುಟ್ಟಿದ ವಾರ್ತೆ 2025ರ ಮಾರ್ಚ್‌ನಲ್ಲಿ ಬಂದಿತು. ಓದಿದವರೆಲ್ಲ ಹರ್ಷಿಸಿದರು. ಕಾಮಾಕ್ಷಿಪಾಳ್ಯದ ಕಾರ್ಖಾನೆಗಳ ನಡುವೆ ವಾಸಿಸುವ ಭಕ್ತರಿಗೆ ಹೀಗೆ ಹರ್ಷಿಸುವುದು ಸುಲಭ. ಅವರ ಮನೆಯಂಗಳದಿಂದ ತೋಳವು ಏನನ್ನೂ ಒಯ್ಯದು.

ಧಾಮದ ವಿಸ್ತೀರ್ಣ 332 ಹೆಕ್ಟೇರ್. ಕಲ್ಲುಗುಡ್ಡದ ಪೊದೆಯಲ್ಲಿ ಹಗಲು ಕಳೆದು, ಇರುಳೆಲ್ಲ ಹರದಾರಿಗಟ್ಟಲೆ ಅಲೆಯುವ ಪ್ರಾಣಿಗೆ ಇದು ಬರಿಯ ಅಂಗಳ. ಸುತ್ತಲಿನ ಹೊಲ, ಬೀಳು, ಗೋಮಾಳಗಳೇ ಅದರ ನಿಜವಾದ ನೆಲೆ. ಕೃಷ್ಣಮೃಗ, ಮೊಲಗಳು ವಿರಳವಾದೆಡೆ ಅದು ಕುರಿಯನ್ನೇ ಹಿಡಿಯುತ್ತದೆ. ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿ, ಕಂಬಳಿ ಹೊದ್ದು ಕಾಯುವ ಕುರಿಗಾಹಿಯೇ ಅದರ ನೆರೆಯವನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ತೋಳದ ಬೇಟೆಯನ್ನು ನಿಷೇಧಿಸಿದೆ, ಅದು ಸರಿಯೇ. ಆದರೆ ನಷ್ಟವು ಅವನದೊಬ್ಬನದಾಗಿ ಉಳಿದರೆ?

ಜೀವದಯೆಯನ್ನು ಬೋಧಿಸಿದ ಶರಣರ ಬಳಗದಲ್ಲಿ ಕುರಿಯ ಹಿಕ್ಕೆಯನ್ನೇ ಲಿಂಗವೆಂದು ಪೂಜಿಸಿದ ವೀರಗೊಲ್ಲಾಳನೂ ಇದ್ದನು. ಆತನ ಕಾಯಕದವರ ನಷ್ಟವನ್ನು ಲೆಕ್ಕಿಸದೆ ತೋಳಕ್ಕೆ ತೋರುವ ದಯೆಯು ಪರರ ಹಣದಲ್ಲಿ ನಡೆಸಿದ ದಾಸೋಹವೇ ಸರಿ.

ಆದುದರಿಂದ ಸತ್ತ ಕುರಿಯ ಪರಿಹಾರವು ತಡವಿಲ್ಲದೆ ಮಂದೆಯಿರುವಲ್ಲಿಗೇ ತಲುಪಬೇಕು. ಊರಿಂದೂರಿಗೆ ಸಾಗುವವನಿಗೆ ಕಚೇರಿಯ ಬಾಗಿಲು ಕಾಯಲು ಬಿಡುವೆಲ್ಲಿ? ಅದಕ್ಕೆ ತಗಲುವ ತೆರಿಗೆಯ ಹಣಕ್ಕೆ ನಗರದ ಭಕ್ತರು ಬೇಸರಿಸಲಾಗದು. ಇರುಳಿನಲ್ಲಿ ಮಂದೆಯ ಸುತ್ತ ಕಟ್ಟಲು ಗಟ್ಟಿಯಾದ ಬಲೆ ಬೇಕು, ಕಾವಲಿಗೆ ಒಳ್ಳೆಯ ನಾಯಿ ಬೇಕು. ಆ ನಾಯಿಗೆ ಲಸಿಕೆಯನ್ನೂ ಹಾಕಿಸಬೇಕು, ಏಕೆಂದರೆ ನಾಯಿಯ ಹುಚ್ಚುರೋಗವು ತೋಳಕ್ಕೂ ತಗಲುತ್ತದೆ. ರೋಗ ಹಿಡಿದ ತೋಳವು ಮನುಷ್ಯರನ್ನೂ ಕಚ್ಚುತ್ತದೆ.