ಮೋಜಿಗೆ ಮೊದಲು ಈಜು, ಆಮೇಲೆ ಹುಟ್ಟು

ನಮ್ಮ ಕ್ಲಾಸಿನಲ್ಲಿ ಕೋಡಿಂಗ್ ಬಾರದವರು ಇಲ್ಲವೇ ಇಲ್ಲ. ಈಜು ಎಷ್ಟು ಮಂದಿಗೆ ಬರುತ್ತದೆ ಎಂದು ಒಮ್ಮೆ ಲ್ಯಾಬ್ ಬಿಡುವಿನಲ್ಲಿ ಕೇಳಿದೆ. ಮೇಲೆದ್ದ ಕೈಗಳನ್ನು ಎಣಿಸಲು ನನ್ನ ಎರಡು ಕೈಗಳ ಬೆರಳೇ ಸಾಕಾದವು. ಆದರೆ ಸೆಮಿಸ್ಟರ್ ಪರೀಕ್ಷೆ ಮುಗಿದು, ‘ಟ್ರಿಪ್ ಎಲ್ಲಿಗೆ?’ ಎಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪ್ರಶ್ನೆ ಬಿದ್ದರೆ ಬರುವ ಉತ್ತರಗಳೆಲ್ಲ ನೀರಿನವೇ: ಮುತ್ತತ್ತಿ, ಮೇಕೆದಾಟು, ದಾಂಡೇಲಿ, ಗೋಕರ್ಣ!

2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ ಹೈದರಾಬಾದಿನ ಎಂಜಿನಿಯರಿಂಗ್ ಕಾಲೇಜೊಂದರ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಪ್ರವಾಸಕ್ಕೆ ಹೋಗಿದ್ದವರು, ಬಂಡೆಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮೇಲಿನ ಲಾರ್ಜಿ ಅಣೆಕಟ್ಟೆಯಿಂದ ಬಿಟ್ಟ ನೀರು ಕ್ಷಣಗಳಲ್ಲಿ ಅವರನ್ನು ಸುತ್ತುವರಿಯಿತು. ತಪ್ಪು ಅವರದಲ್ಲ. ಆದರೆ ಮೇಲೆ ಅಣೆಕಟ್ಟೆ ಇದ್ದರೆ ಸುಡುಬಿಸಿಲಿನಲ್ಲೂ ಹೊಳೆ ಏರಬಹುದು ಎಂಬ ಒಂದು ಮಾತನ್ನು ನಮಗಾದರೂ ಯಾವ ತರಗತಿಯಲ್ಲಿ ಕಲಿಸಿದ್ದಾರೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು.

ಇಂಥ ಸುದ್ದಿ ಬಂದಾಗಲೆಲ್ಲ ಕಾಲೇಜುಗಳಿಗೆ ಹೊಳೆಯುವ ಪರಿಹಾರ ಒಂದೇ: ಪ್ರವಾಸ ಬಂದ್. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಕಾಲೇಜು ಕರೆದುಕೊಂಡು ಹೋಗದಿದ್ದರೆ ನಾವು ಬೈಕ್ ಏರಿ ಹೋಗುತ್ತೇವೆ, ಅಷ್ಟೇ. ನೀರಿನಿಂದ ದೂರ ಇಡುವ ಬದಲು ನೀರಿನಲ್ಲಿ ಹೇಗಿರಬೇಕೆಂದು ಕಲಿಸುವುದೇ ಸರಿಯಾದ ದಾರಿ ಎಂಬುದು ನನ್ನ ವಾದ. ಕಳೆದ ಡಿಸೆಂಬರಿನಲ್ಲಿ ಮೂರು ದಿನ ಕೆನೊ ಕ್ಯಾಂಪಿಂಗ್ ಕಲಿತು ಬಂದ ಮೇಲೆ ಈ ನಂಬಿಕೆ ಗಟ್ಟಿಯಾಗಿದೆ.

ಕೆನೊ ಎಂದರೆ ಇಬ್ಬರು ಕೂತು, ಒಂದೇ ಅಲಗಿನ ಹುಟ್ಟು ಹಾಕುತ್ತಾ ನಡೆಸುವ ಉದ್ದನೆಯ ತೆರೆದ ದೋಣಿ. ಹುಟ್ಟಿನ ಎರಡೂ ತುದಿಗೆ ಅಲಗಿದ್ದರೆ ಅದು ಕಯಾಕ್. ಟೆಂಟು, ಪಾತ್ರೆ, ಅಕ್ಕಿ-ಬೇಳೆ ಎಲ್ಲವನ್ನೂ ಕೆನೊದಲ್ಲೇ ಹೇರಿಕೊಂಡು ಹೋಗಿ, ದಡದಲ್ಲಿ ರಾತ್ರಿ ಕಳೆದು ಬರುವುದೇ ಕೆನೊ ಕ್ಯಾಂಪಿಂಗ್. ನಾವು ಕಲಿತದ್ದು ಸಾಗರ ತಾಲ್ಲೂಕಿನ ಹೊನ್ನೆಮರಡುವಿನಲ್ಲಿ. ಸಿ.ವಿ. ರಾಮನ್ ನಗರದಿಂದ ಬೈಯಪ್ಪನಹಳ್ಳಿಗೆ ಹೋಗಿ, ಮೆಟ್ರೊದಲ್ಲಿ ಮೆಜೆಸ್ಟಿಕ್ ಸೇರಿ, ರಾತ್ರಿ ತಾಳಗುಪ್ಪದ ರೈಲು ಹತ್ತಿದರೆ ಬೆಳಿಗ್ಗೆ ಮಲೆನಾಡು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆ ಶರಾವತಿಯನ್ನು ತಡೆದಾಗ ಹರಡಿಕೊಂಡ ಹಿನ್ನೀರು ಅಲ್ಲಿದೆ. ನಮಗೆ ಆಟದ ಬಯಲಾದ ಆ ನೀರಿನಡಿ ಎಷ್ಟೋ ಜನರ ಮನೆ, ಗದ್ದೆ, ತೋಟಗಳಿವೆ ಎಂಬುದನ್ನು ಮರೆಯಬಾರದು.

ಹೋದ ಕೂಡಲೇ ದೋಣಿ ಸಿಗುತ್ತದೆ ಎಂದುಕೊಂಡಿದ್ದೆವು. ಮೊದಲು ಸಿಕ್ಕಿದ್ದು ಲೈಫ್ ಜಾಕೆಟ್. ಅದನ್ನು ಹಾಕಿಕೊಂಡ ಮೇಲೆ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಬೇಕು. ಜಾಕೆಟ್ ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದರ್ಥ, ಮತ್ತೆ ಬಿಗಿಯಬೇಕು. ಆಮೇಲೆ ದಡದ ಬಳಿ ದೋಣಿಯನ್ನು ಬೇಕೆಂದೇ ಮಗುಚಿಸಿ, ನಮ್ಮನ್ನು ನೀರಿಗೆ ಬೀಳಿಸಿದರು. ಮಗುಚಿದರೆ ದೋಣಿಯನ್ನು ಬಿಡಬಾರದು, ಅದು ತೇಲುತ್ತದೆ. ನೀರಿನ ಮಟ್ಟದಿಂದ ನೋಡಿದಾಗ ದಡ ಹತ್ತಿರವೇ ಇದ್ದಂತೆ ಕಾಣುತ್ತದೆ. ಆ ಭ್ರಮೆಯಲ್ಲಿ ಈಜಲು ಹೊರಡಬಾರದು.

ಅಲ್ಲಿ ಕಲಿತದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮೂರು ಮಾತು: ಮುಳುಗುತ್ತಿರುವವನಿಗೆ ಮೊದಲು ಕೋಲು ಚಾಚು. ಕೋಲು ಎಟುಕದಿದ್ದರೆ ಹಗ್ಗವನ್ನೋ, ಖಾಲಿ ಕ್ಯಾನನ್ನೋ ಎಸೆ. ನೀನು ಮಾತ್ರ ಹಾರಬೇಡ. ಗೆಳೆಯನನ್ನು ಉಳಿಸಲು ಹೋದವನೂ ನೀರುಪಾಲಾದ ಸುದ್ದಿಯನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ. ಈ ಮೂರು ಮಾತು ಕಲಿಯಲು ಐದು ನಿಮಿಷ ಸಾಕು.

ದೋಣಿ ಕೈಗೆ ಬಂದದ್ದು ಆಮೇಲೆ. ಮುಂದೆ ಕೂತವರು ಲಯ ಹಿಡಿಯಬೇಕು, ಹಿಂದೆ ಕೂತವರು ದಿಕ್ಕು ತಿದ್ದಬೇಕು. ಮೊದಲ ಒಂದು ಗಂಟೆ ಎಲ್ಲರ ದೋಣಿಗಳೂ ಬುಗುರಿ! ಎಂಜಿನಿಯರಿಂಗ್ ಮೆಕ್ಯಾನಿಕ್ಸ್‌ನಲ್ಲಿ ಬಾಯಿಪಾಠ ಮಾಡಿದ್ದ ಮೊಮೆಂಟ್, ಗುರುತ್ವ ಕೇಂದ್ರಗಳು ಅಲ್ಲಿ ತೋಳಿಗೆ ಅರ್ಥವಾದವು. ಭಾರದ ಸಾಮಾನು ದೋಣಿಯ ತಳದಲ್ಲಿ, ನಡುವಿನಲ್ಲಿ ಇರಬೇಕು. ಎದ್ದು ನಿಂತರೆ ಗುರುತ್ವ ಕೇಂದ್ರ ಮೇಲೇರಿ ದೋಣಿ ವಾಲುತ್ತದೆ. ಹಿನ್ನೀರು ಬೆಳಿಗ್ಗೆ ಕನ್ನಡಿಯಂತಿದ್ದರೂ ಬಿಸಿಲೇರಿದಂತೆ ಗಾಳಿ ಎದ್ದು ಅಲೆ ಮಾಡುತ್ತದೆ. ಆದ್ದರಿಂದ ಹೊರಡುವುದು ಬೇಗ, ಸಾಗುವುದು ದಡದ ಬದಿಯಲ್ಲೇ.

ರಾತ್ರಿ ತಂಗುವುದಕ್ಕೂ ಪಾಠಗಳಿವೆ. ಒಣಗಿದ ಕೊಂಬೆಯ ಕೆಳಗೆ ಟೆಂಟು ಹಾಕಬಾರದು. ದೋಣಿಯನ್ನು ನೀರಿನಿಂದ ಮೇಲಕ್ಕೆ ಎಳೆದು ಮರಕ್ಕೆ ಕಟ್ಟಬೇಕು. ಕುಡಿಯುವ ನೀರನ್ನು ಸೋಸಿ, ಕೊತಕೊತ ಕುದಿಯಲು ಶುರುವಾದ ಮೇಲೂ ಒಂದು ನಿಮಿಷ ಕುದಿಸಬೇಕು. ಬಯಲಿಗೆ ಹೋಗುವುದಾದರೆ ನೀರಿನಿಂದ ಇನ್ನೂರು ಅಡಿ ದೂರ ಹೋಗಿ, ಗೇಣುದ್ದದ ಗುಂಡಿ ತೋಡಿ, ಮುಗಿದ ಮೇಲೆ ಮಣ್ಣು ಮುಚ್ಚಬೇಕು. ಅನುಮತಿ ಇಲ್ಲದೆ ಕಾಡಿನಲ್ಲಿ ತಂಗುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಒಯ್ದ ಚಿಪ್ಸ್ ಪ್ಯಾಕೆಟ್ಟಿನ ಚೂರೂ ನಮ್ಮ ಜೊತೆಯಲ್ಲೇ ವಾಪಸ್ ಬರಬೇಕು.

‘ಇದಕ್ಕೆಲ್ಲ ದುಡ್ಡೆಲ್ಲಿದೆ?’ ಎನ್ನುವವರಿಗೆ ನನ್ನ ಉತ್ತರ: ಮೊದಲ ಪಾಠಗಳು ನಮ್ಮ ಏರಿಯಾದಲ್ಲೇ ಇವೆ. ನಾನು ಈಜು ಕಲಿತದ್ದು ಹಲಸೂರು ಕೆರೆ ಹತ್ತಿರದ ಕೆನ್ಸಿಂಗ್ಟನ್ ಈಜುಕೊಳದಲ್ಲಿ. ಗಂಟು ಹಾಕುವುದನ್ನು, ಟಾರ್ಪಾಲಿನ್ ಬಿಗಿಯುವುದನ್ನು ತಾರಸಿಯ ಮೇಲೆ ಅಭ್ಯಾಸ ಮಾಡಬಹುದು. ದುಬಾರಿ ವಾಟರ್‌ಪ್ರೂಫ್ ಚೀಲದ ಬದಲು ಬಿಗಿ ಮುಚ್ಚಳದ ಪೇಂಟ್ ಡಬ್ಬ, ಅದರೊಳಗೆ ದಪ್ಪ ಪ್ಲಾಸ್ಟಿಕ್ ಕವರ್ ಇದ್ದರೆ ಬಟ್ಟೆ ನೆನೆಯುವುದಿಲ್ಲ. ಜನರಲ್ ತಿಮ್ಮಯ್ಯ ಅವರ ಹೆಸರಿನ ಸಾಹಸ ಅಕಾಡೆಮಿಯನ್ನು ಸರ್ಕಾರವೇ ನಡೆಸುತ್ತಿದೆ. ಅಲ್ಲಿನ ಜಲಸಾಹಸ ಶಿಬಿರಗಳ ಬಗ್ಗೆ ಎಷ್ಟು ಕಾಲೇಜುಗಳ ನೋಟಿಸ್ ಬೋರ್ಡ್ ಹೇಳುತ್ತದೆ?

ಮನೆಯ ಪಕ್ಕದಲ್ಲೇ ಇರುವ ಡಿಆರ್‌ಡಿಒದ ಡೆಬೆಲ್ ಪ್ರಯೋಗಾಲಯ, ಮುಳುಗಿದ ಜಲಾಂತರ್ಗಾಮಿಯಿಂದ ನಾವಿಕರು ಪಾರಾಗಲು ಉಡುಪು ರೂಪಿಸಿದೆ. ಹಲಸೂರು ಕೆರೆಯ ಮಗ್ಗುಲಲ್ಲಿರುವ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ಇತಿಹಾಸ 1780ರಿಂದ ಶುರುವಾಗುತ್ತದೆ. ಹೊಳೆ ದಾಟುವುದು, ಸೇತುವೆ ಕಟ್ಟುವುದು ಅಲ್ಲಿನ ಎಂಜಿನಿಯರುಗಳ ಕಸುಬು. ಎಂಜಿನಿಯರಿಗೆ ನೀರು ಪರಕೀಯವಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಹಾಗಾಗಿ ನನ್ನ ಬೇಡಿಕೆ ಸರಳ. ವಿಟಿಯು ವ್ಯಾಪ್ತಿಯಲ್ಲಿ ಬಿ.ಇ. ಓದುವವರು ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅದರ ಜೊತೆಗೆ, ಮೊದಲ ವರ್ಷಕ್ಕೆ ಸೇರಿದವರು ನಾಲ್ಕು ವರ್ಷದಲ್ಲಿ 100 ಚಟುವಟಿಕೆ ಅಂಕ ಗಳಿಸಬೇಕು. ದೈಹಿಕ ಶಿಕ್ಷಣದಲ್ಲಿ ಈಜು, ನೀರಿನ ಸುರಕ್ಷತೆ, ಒಂದು ರಾತ್ರಿಯ ಶಿಬಿರ ಸೇರಲಿ. ಹಾಗೆ ಕಲಿತವರು ಕೆರೆ, ಹೊಳೆ ಪಕ್ಕದ ಸರ್ಕಾರಿ ಶಾಲೆಗಳಿಗೆ ಹೋಗಿ ಕೋಲು-ಹಗ್ಗದ ಪಾಠ ಹೇಳಿಕೊಟ್ಟರೆ ಅದಕ್ಕೆ ಚಟುವಟಿಕೆ ಅಂಕ ಸಿಗಲಿ.

ಇದರಿಂದ ಪ್ಲೇಸ್‌ಮೆಂಟಿನಲ್ಲಿ ಪ್ಯಾಕೇಜ್ ಹೆಚ್ಚುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ‘ನೀರು, ಬೆಂಕಿ ಜೊತೆ ಹುಡುಗಾಟ ಬೇಡ ಕಣೋ’ ಎಂದು ಅಮ್ಮ ಹೇಳುತ್ತಲೇ ಇರುತ್ತಾರೆ. ಅದು ಖಂಡಿತ ನಿಜ, ಕಲಿಯಬೇಕಾದದ್ದೂ ಅದಕ್ಕೇ. ಗೆಳೆಯರೇ, ಯಾವುದೇ ಜಲಸಾಹಸಕ್ಕೆ ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಎಲ್ಲರಿಗೂ ಅಳತೆಗೆ ಸರಿಹೊಂದುವ ಜಾಕೆಟ್ ಇದೆಯೇ? ತರಬೇತಾದ ರಕ್ಷಕರು ನೀರಿನಲ್ಲಿ ಜೊತೆಗಿರುತ್ತಾರೆಯೇ? ಮೇಲೆ ಅಣೆಕಟ್ಟೆ ಇದ್ದರೆ ನೀರು ಬಿಡುವ ಸಮಯ ಗೊತ್ತೇ? ಒಂದಕ್ಕೆ ‘ಇಲ್ಲ’ ಎಂದರೂ ವಾಪಸ್ ಬನ್ನಿ.

ಕಾಲೇಜುಗಳಿಗೂ ಒಂದು ಮನವಿ. ಪ್ರವಾಸಕ್ಕೆ ಪೋಷಕರ ಸಹಿ ಪಡೆಯುವ ಫಾರ್ಮಿನಲ್ಲಿ ಇನ್ನೊಂದು ಸಾಲು ಸೇರಿಸಿ: ‘ವಿದ್ಯಾರ್ಥಿಗೆ ಈಜು ಬರುತ್ತದೆಯೇ?’ ಉತ್ತರ ‘ಇಲ್ಲ’ ಎಂದಾದರೆ ಪ್ರವಾಸ ರದ್ದು ಮಾಡಬೇಡಿ, ಈಜು ಕಲಿಸಿ.

– ಬಿ.ಇ. ವಿದ್ಯಾರ್ಥಿ, ಸಿ.ವಿ. ರಾಮನ್ ನಗರ, ಬೆಂಗಳೂರು